ನವಣೆ ಅನ್ನ ಉಂಡರೂ ತೂಕ ಇಳಿಯುತ್ತಿಲ್ಲ, ಬೆಣ್ಣೆದೋಸೆ ಬಿಡಲೇಬೇಕಾ?

ಗಲ್ಲಾಪೆಟ್ಟಿಗೆ:
ದಾವಣಗೆರೆಯವನು. ವಯಸ್ಸು 41, ತೂಕ 86 ಕೆ.ಜಿ. ಬಟ್ಟೆ ಅಂಗಡಿ ಇದೆ, ಬೆಳಿಗ್ಗೆಯಿಂದ ರಾತ್ರಿವರೆಗೂ ಕೂತಲ್ಲೇ ಕೆಲಸ. ಡಾಕ್ಟರು ಟೇಪ್ ಹಿಡಿದು ಅಳೆದರು. ಹೊಟ್ಟೆಯ ಸುತ್ತಳತೆ 102 ಸೆಂ.ಮೀ. ಗಂಡಸರಿಗೆ 90 ದಾಟಬಾರದಂತೆ. ಅವತ್ತಿಂದ ಅಕ್ಕಿ ಬಿಟ್ಟು ನವಣೆ ಅನ್ನ ಶುರು ಮಾಡಿದೆ. ಎರಡು ತಿಂಗಳಾಯ್ತು, ಇಳಿದಿದ್ದು ಅರ್ಧ ಕೆ.ಜಿ. ಭಾನುವಾರದ ಬೆಣ್ಣೆದೋಸೆ ಒಂದನ್ನು ಮಾತ್ರ ಬಿಟ್ಟಿಲ್ಲ. ಅದನ್ನೂ ಬಿಡಬೇಕಾ? ಯೋಚಿಸಿ ಹೇಳಿ, ಈ ಊರಲ್ಲೇ ಬದುಕಬೇಕಾದವನು ನಾನು.

ಹೊಸದುರ್ಗದ ಸಾವೆ:
ಎರಡೇ ತಿಂಗಳಿಗೆ ಕೈ ಚೆಲ್ಲಿದರೆ ಹೇಗೆ? ನಮ್ಮ ಕಡೆ ಸಾವೆ, ನವಣೆ ಹೊಲದಲ್ಲೇ ಬೆಳೆಯುತ್ತವೆ. ನಮ್ಮಜ್ಜ ಅಕ್ಕಿ ಅನ್ನ ಕಂಡಿದ್ದು ಹಬ್ಬಕ್ಕೆ ಮಾತ್ರ. ಸಾಯೋವರೆಗೂ ಹೊಟ್ಟೆ ಬರಲಿಲ್ಲ. ಅಷ್ಟೇಕೆ, ನಿಮ್ಮ ಬೆಣ್ಣೆದೋಸೆಯೂ ಮೊದಲು ರಾಗಿ ಹಿಟ್ಟಿನದೇ ಆಗಿತ್ತಂತೆ. 1928ರ ಹೊತ್ತಿಗೆ ಚೆನ್ನಮ್ಮ ಅನ್ನೋರು ದಾವಣಗೆರೆಗೆ ಬಂದು ರಾಗಿ ದೋಸೆ ಮಾರೋಕೆ ಶುರು ಮಾಡಿದರು ಅಂತ ನಿಮ್ಮೂರವರೇ ಹೇಳುತ್ತಾರೆ. ಅಕ್ಕಿ ಬಂದಿದ್ದು ಆಮೇಲೆ. ಕೆಟ್ಟಿದ್ದೂ ಆಮೇಲೆ!

ಲೆಕ್ಕದ ಮೇಷ್ಟ್ರು:
ನಿಮ್ಮಜ್ಜ ಬಿಸಿಲಲ್ಲಿ ಕುಂಟೆ ಹೊಡೆಯುತ್ತಿದ್ದರು. ಇವರು ಫ್ಯಾನ್ ಕೆಳಗೆ ಕೂತು ನೋಟು ಎಣಿಸುತ್ತಾರೆ. ಹೋಲಿಕೆ ಎಲ್ಲಿಂದ ಎಲ್ಲಿಗೆ?
100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ. ನವಣೆಯಲ್ಲೂ ಹೆಚ್ಚೂಕಡಿಮೆ ಅಷ್ಟೇ. ನವಣೆಯಲ್ಲಿ ನಾರು ಜಾಸ್ತಿ, ಒಪ್ಪುತ್ತೇನೆ. ಬೇಗ ಹಸಿವಾಗಲ್ಲ, ಅದೂ ಸರಿ. ಆದರೆ ಸಿರಿಧಾನ್ಯ ತಾನೇ ಅಂತ ಇನ್ನೊಂದು ಸೌಟು ಹಾಕಿಸಿಕೊಂಡರೆ ಮುಗೀತು. ಗಲ್ಲಾಪೆಟ್ಟಿಗೆಯವರೇ, ಒಂದು ಊಟಕ್ಕೆ ಎಷ್ಟು ಸೌಟು?

ಗಲ್ಲಾಪೆಟ್ಟಿಗೆ:
ಮೂರು. ಸಾರು ಚೆನ್ನಾಗಿದ್ದರೆ ನಾಲ್ಕು. ಅಕ್ಕಿ ಇದ್ದಾಗ ಎರಡೇ ಇತ್ತು, ನೀವು ಕೇಳಿದ ಮೇಲೆ ಹೊಳೀತು.

ಲೆಕ್ಕದ ಮೇಷ್ಟ್ರು:
😀

ರಾತ್ರಿ ಊಟ ಬಿಟ್ಟವನು:
ಇಷ್ಟೆಲ್ಲ ಲೆಕ್ಕ ಯಾಕೆ? ರಾತ್ರಿ ಊಟ ಬಿಡಿ, ಸಾಕು. ನಾನು ಬರೀ ಮಜ್ಜಿಗೆ ಕುಡಿದು ಮೂರು ತಿಂಗಳಲ್ಲಿ 9 ಕೆ.ಜಿ. ಇಳಿಸಿದ್ದೇನೆ.

ಪಿ.ಜೆ. ಬಡಾವಣೆ ಅಡುಗೆಮನೆ:
ಈಗ ಎಷ್ಟಿದೀರಿ?

ರಾತ್ರಿ ಊಟ ಬಿಟ್ಟವನು:
ಮಧ್ಯೆ ತಂಗಿ ಮದುವೆ ಬಂತು. 7 ವಾಪಸ್ ಬಂದಿದೆ. ಮತ್ತೆ ಶುರು ಮಾಡ್ತೀನಿ.

ಪಿ.ಜೆ. ಬಡಾವಣೆ ಅಡುಗೆಮನೆ:
ಅದೇ ಕಥೆ ನಮ್ಮ ಮನೆಯಲ್ಲೂ ಆಗಿದೆ, ನಗ್ತಿಲ್ಲ. ಆದರೆ ಶುಗರ್ ಮಾತ್ರೆ ತಗೊಳ್ಳೋರು ಯಾರಾದರೂ ಇದನ್ನು ಓದಿ ಊಟ ಬಿಟ್ಟಾರು. ಸಕ್ಕರೆ ದಿಢೀರ್ ಇಳಿದು ತಲೆ ಸುತ್ತಿ ಬೀಳ್ತಾರೆ. ಡಾಕ್ಟರನ್ನು ಕೇಳದೆ ಬೇಡ.

ಇನ್ನು ನನ್ನ ಮಾತು. ಇಲ್ಲಿ ಎಲ್ಲರೂ ಧಾನ್ಯದ ಬಗ್ಗೆ ಜಗಳ ಆಡ್ತಿದೀರಿ, ಎಣ್ಣೆ ಕ್ಯಾನ್ ಯಾರೂ ನೋಡಿಲ್ಲ. ನಾವು ನಾಲ್ಕು ಜನ. ತಿಂಗಳಿಗೆ 5 ಲೀಟರ್ ಸೂರ್ಯಕಾಂತಿ ಎಣ್ಣೆ ಖಾಲಿ ಆಗ್ತಿತ್ತು. ಒಂದು ಲೀಟರ್ ಅಂದರೆ ಸುಮಾರು 920 ಗ್ರಾಂ. ಕೂತು ಭಾಗಿಸಿದೆ, ತಲೆಗೆ ದಿನಕ್ಕೆ 38 ಗ್ರಾಂ ಬಂತು. ಒಂದು ಗ್ರಾಂಗೆ 9 ಕ್ಯಾಲೊರಿ. ಮನೆಯಲ್ಲಿ ಕರಿಯೋದು ಅಪರೂಪ ಅಂತ ನಾನೇ ಎಲ್ಲರ ಹತ್ತಿರ ಹೇಳಿಕೊಂಡು ಓಡಾಡ್ತಿದ್ದೆ!

ಹೋಗ್ತಿದ್ದುದು ಒಗ್ಗರಣೆಗೆ. ಕ್ಯಾನ್ ಬಗ್ಗಿಸಿ ನೇರ ಬಾಣಲೆಗೆ ಸುರೀತಿದ್ದೆ. ಬದನೆಕಾಯಿ ಎಣಗಾಯಿ ಮೇಲೆ ಎಣ್ಣೆ ತೇಲದಿದ್ದರೆ ಮಾಡಿದ್ದೇ ಸುಳ್ಳು ಅನ್ನೋ ಮನೆ ನಮ್ಮದು. ಈಗ ಒಂದನೇ ತಾರೀಕು 3 ಲೀಟರ್ ಡಬ್ಬಿಗೆ ಹುಯ್ದು, ಅದರಲ್ಲೊಂದು ಚಿಕ್ಕ ಚಮಚ ಇಟ್ಟಿದೀನಿ. ತಿಂಗಳಿಗೆ ಅಷ್ಟೇ. ಮೊದಲ ವಾರ ಎಲ್ಲರ ಮುಖ ಸಪ್ಪೆ. ಆಮೇಲೆ ಯಾರೂ ಕೇಳಲಿಲ್ಲ.

ಇನ್ನೊಂದು. 'ನಾನು ಅಕ್ಕಿ ಬಿಟ್ಟೆ' ಅಂತ ಗಂಡಸರು ಸಲೀಸಾಗಿ ಹೇಳ್ತೀರಿ. ಮನೆಯಲ್ಲಿ ಉಳಿದೋರಿಗೆ ಅಕ್ಕಿ, ನಿಮಗೊಬ್ಬರಿಗೆ ನವಣೆ. ಎರಡೆರಡು ಕುಕ್ಕರ್ ಇಡೋರು ಯಾರು?

ಭಟ್ಟಿ ಹುಡುಗ:
ಅಕ್ಕ ಹೇಳಿದ್ದು ಖರೆ. ಮಂಡಕ್ಕಿ ಭಟ್ಟಿಯ ಮಗನಾಗಿ ನಾನೂ ಒಂದು ಹೇಳಲೇಬೇಕು. ಸಂಜೆಯಾದರೆ ಎಲ್ಲರೂ ಮಂಡಕ್ಕಿಯನ್ನೇ ಬೈತಾರೆ. ಅದರ ತಪ್ಪೇನು? ಅಕ್ಕಿಯನ್ನು ಕಾದ ಮರಳಲ್ಲಿ ಹುರೀತೀವಿ, ಅರಳುತ್ತದೆ, ಮರಳು ಜರಡಿ ಹಿಡೀತೀವಿ. ಎಣ್ಣೆಯ ಸೋಂಕೇ ಇಲ್ಲ. ದೊಡ್ಡ ಬಟ್ಟಲು ತುಂಬಿದರೂ 30 ಗ್ರಾಂ ತೂಗಲ್ಲ. ಈರುಳ್ಳಿ, ಟೊಮ್ಯಾಟೊ, ಸೌತೆಕಾಯಿ, ನಿಂಬೆಹುಳಿ ಹಾಕಿ ತಿನ್ನಿ, ಯಾರು ಬೇಡ ಅಂದರು? ಕೆಡಿಸೋದು ಪಕ್ಕದಲ್ಲಿ ಕೂರೋ ಮಿರ್ಚಿ. ಪೇಪರ್ ಮೇಲೆ ಇಟ್ಟು ಎತ್ತಿದರೆ ಪೇಪರ್ ಆಚೆ ಕಡೆ ಕಾಣುತ್ತದೆ.
ಗಲ್ಲಾಪೆಟ್ಟಿಗೆ ಅಣ್ಣ, ಸಂಜೆ ಅಂಗಡಿಗೆ ಏನು ತರಿಸ್ತೀರಿ, ನಿಜ ಹೇಳಿ.

ಗಲ್ಲಾಪೆಟ್ಟಿಗೆ:
ಮಂಡಕ್ಕಿ, ಎರಡು ಮಿರ್ಚಿ. ಗಿರಾಕಿ ಜೊತೆ ಟೀ, ದಿನಕ್ಕೆ ಐದಾರು. ಇವನ್ನೆಲ್ಲ ಊಟದ ಲೆಕ್ಕಕ್ಕೆ ಹಿಡಿದೇ ಇರಲಿಲ್ಲ.

ಲೆಕ್ಕದ ಮೇಷ್ಟ್ರು:
ಒಂದು ಟೀಗೆ ಎರಡು ಚಮಚ ಸಕ್ಕರೆ ಹಿಡಿಯಿರಿ, ಸಕ್ಕರೆಯಿಂದಲೇ 40 ಕ್ಯಾಲೊರಿ. ಆರು ಟೀಗೆ 240. ಕುಂದುವಾಡ ಕೆರೆ ಏರಿ ಮೇಲೆ ಅರ್ಧ ಗಂಟೆ ಬಿರುಸಾಗಿ ನಡೆದರೂ ಅಷ್ಟು ಕರಗೋದು ಕಷ್ಟ.

ಈಗ ದೋಸೆಗೆ ಬರೋಣ. ಹಂಚಿನ ಮೇಲೊಂದಿಷ್ಟು ಬೆಣ್ಣೆ, ತಟ್ಟೆಗೆ ಬಂದ ಮೇಲೆ ನೆತ್ತಿ ಮೇಲೊಂದು ಉಂಡೆ. ಎರಡು ದೋಸೆಗೆ 40 ಗ್ರಾಂ ಬೆಣ್ಣೆ ಅಂತಲೇ ಇಟ್ಟುಕೊಳ್ಳಿ, ಬೆಣ್ಣೆಯದೇ ಸುಮಾರು 290 ಕ್ಯಾಲೊರಿ. ಅದು ವಾರಕ್ಕೆ ಒಂದು ಸಲ. ಆ ಅಕ್ಕ ಎಣ್ಣೆಯಲ್ಲಿ ಉಳಿಸಿದ್ದು ತಲೆಗೆ ದಿನಕ್ಕೆ 15 ಗ್ರಾಂ, ವಾರಕ್ಕೆ 900ರ ಮೇಲೆ. ದೋಸೆಯನ್ನು ಕಟಕಟೆಗೆ ಎಳೆಯುವ ಮೊದಲು ಟೀ, ಮಿರ್ಚಿ, ಒಗ್ಗರಣೆ ವಿಚಾರಿಸಿ.

ಹೊಸದುರ್ಗದ ಸಾವೆ:
ಎಲ್ಲ ಸರಿ. ಆದರೂ ನವಣೆ ಬಿಡಿ ಅಂತ ಮಾತ್ರ ಹೇಳಬೇಡಿ. ನಾವು ಬೆಳೆದದ್ದು ಮಾರಬೇಕಲ್ಲ!

ಲೆಕ್ಕದ ಮೇಷ್ಟ್ರು:
ಬಿಡಿ ಅಂದಿಲ್ಲ ಮಾರಾಯರೇ. ಎರಡು ಸೌಟು, ಪಕ್ಕದಲ್ಲಿ ಹೆಸರುಕಾಳು ಪಲ್ಯ ಜಾಸ್ತಿ. ಅಷ್ಟೇ.

ಗಲ್ಲಾಪೆಟ್ಟಿಗೆ:
ಐದು ವಾರ ಆಯ್ತು, ಬಂದು ಹೇಳ್ತೀನಿ ಅಂದಿದ್ದೆ. 83.8. ಟೀ ಎರಡಕ್ಕೆ ಇಳಿದಿದೆ, ಸಕ್ಕರೆ ಅರ್ಧ. ಮಂಡಕ್ಕಿ ಇದೆ, ಮಿರ್ಚಿ ಶನಿವಾರ ಒಂದು. ನವಣೆಯನ್ನು ಈಗ ಮನೆಯವರೆಲ್ಲ ಉಣ್ಣುತ್ತೇವೆ, ಕುಕ್ಕರ್ ಒಂದೇ. ಇದು ಆ ಅಕ್ಕನಿಗೆ. ಎಣ್ಣೆ ವಿಷಯ ಎತ್ತಿದಾಗ ಮನೆಯಾಕೆ ಒಂದೇ ಮಾತು ಹೇಳಿದಳು, 'ನೀವೇ ಒಗ್ಗರಣೆ ಹಾಕಿ.' ಹಾಕ್ತಿದೀನಿ, ಸಾಸಿವೆ ಇನ್ನೂ ಸೀಯುತ್ತದೆ.

ಭಟ್ಟಿ ಹುಡುಗ:
ದೋಸೆ?

ಗಲ್ಲಾಪೆಟ್ಟಿಗೆ:
ಭಾನುವಾರ ಎರಡು. ಮೇಲಿನ ಉಂಡೆ ಬೇಡ ಅಂದೆ. ಭಟ್ಟರು ಒಂದು ಸಲ ನನ್ನ ಮುಖ ನೋಡಿ, 'ಹುಷಾರಿಲ್ವಾ?' ಅಂದರು.