ಮೊದಲ ಸಲ ಕೋಳಿ ಸಾಕಲು ಮೊಟ್ಟೆ ತರಬೇಕೋ, ಮರಿ ತರಬೇಕೋ, ಬೆಳೆದ ಹೇಂಟೆ ತರಬೇಕೋ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಮನೆಗೆ ಬೇಕಾಗುವಷ್ಟು ಮೊಟ್ಟೆಗಾಗಿ ಹಿತ್ತಲಿನಲ್ಲಿ ಐದಾರು ಕೋಳಿಗಳನ್ನು ಸಾಕಬೇಕೆಂದಿದ್ದೇವೆ. ಗೂಡು ಸಿದ್ಧವಾಗಿದೆ. ಮೊಟ್ಟೆ ತಂದು ಇನ್‌ಕ್ಯುಬೇಟರಿನಲ್ಲಿ ಮರಿ ಮಾಡಿಸಬೇಕೆಂಬುದು ಮಕ್ಕಳ ಆಸೆ. ಒಂದು ದಿನದ ಮರಿಗಳನ್ನೇ ತರೋಣವೆಂದು ನನ್ನ ಯೋಚನೆ. ಹಗಲು ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1:
ಹಗಲು ಮನೆಯಲ್ಲಿ ಯಾರೂ ಇರುವುದಿಲ್ಲವೆಂದಾದರೆ, 16ರಿಂದ 20 ವಾರಗಳ, ಇನ್ನೇನು ಮೊಟ್ಟೆಗೆ ಬರುವ ಹೇಂಟೆಗಳನ್ನೇ ತನ್ನಿ. ಮರಿಗಳಿಗೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸುತ್ತ, ಪುಕ್ಕ ತುಂಬುವ ಆರನೆಯ ವಾರದವರೆಗೂ ಕಣ್ಣಿಟ್ಟು ಕಾಯಬೇಕು. ಬಿಸಿ ಸಾಲದಿದ್ದರೆ ಅವು ಬಿಸಿಗೆಂದು ಹಾಕಿದ ದೀಪದ ಕೆಳಗೆ ಒಂದರ ಮೇಲೊಂದು ಬಿದ್ದು ಚೀರುತ್ತವೆ, ಹೆಚ್ಚಾದರೆ ಮೂಲೆಗೆ ಸರಿದು ಕೊಕ್ಕು ತೆರೆದು ಏದುತ್ತವೆ. ನಾನು ತಂದ ಮೊದಲ ಮರಿಗಳಿದ್ದಾಗ ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಸಂಜೆ ಮನೆಗೆ ಬಂದಾಗ ಗುಂಪಿನ ಅಡಿಗೆ ಸಿಕ್ಕ ಎರಡು ಮರಿಗಳು ಉಸಿರುಗಟ್ಟಿ ಸತ್ತಿದ್ದವು. ಇಂದಿಗೂ ಅದನ್ನು ನೆನೆದರೆ ಸಂಕಟವಾಗುತ್ತದೆ.

ಬೆಳೆದ ಹೇಂಟೆಯ ಬೆಲೆ ಮರಿಗಿಂತ ಹೆಚ್ಚು, ನಿಜ. ಆದರೆ ಅಷ್ಟು ತಿಂಗಳ ಮೇವು, ಬಿಸಿ, ಸತ್ತ ಮರಿಗಳ ನಷ್ಟ ಎಲ್ಲವನ್ನೂ ಸಾಕಿದವರು ಆಗಲೇ ಭರಿಸಿರುತ್ತಾರೆ. ಕೊಳ್ಳುವಾಗ ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ನೋಡಿ: ಕಣ್ಣು ಹೊಳೆಯುತ್ತಿರಬೇಕು, ಮೂಗಿನಲ್ಲಿ ಸಿಂಬಳವಿರಬಾರದು, ಬಾಲದ ಕೆಳಗಿನ ಪುಕ್ಕ ಒಣಗಿ ಶುಚಿಯಾಗಿರಬೇಕು, ಕಾಲಿನ ಹುರುಪೆ ನಯವಾಗಿ ಕೂತಿರಬೇಕು. ಹುರುಪೆ ಎದ್ದು ಒರಟಾಗಿದ್ದರೆ ಅಲ್ಲಿ ನುಸಿ ಸೇರಿರುವ ಸಾಧ್ಯತೆಯಿದೆ. ಯಾವ ಯಾವ ಲಸಿಕೆ ಹಾಕಿಸಿದ್ದಾರೆಂದು ಕೇಳಿ ಬರೆದಿಟ್ಟುಕೊಳ್ಳಿ.

ಉತ್ತರ 2:
ಮಕ್ಕಳ ಆಸೆಯ ಬಗ್ಗೆ ಒಂದು ಮಾತು. ಮೊಟ್ಟೆಯೊಡೆದು ಮರಿ ಬರಲು 21 ದಿನ ಬೇಕು. ಅಷ್ಟೂ ದಿನ ಬಿಸಿ 37.5 ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು, 18ನೆಯ ದಿನದವರೆಗೆ ಮೊಟ್ಟೆಗಳನ್ನು ದಿನಕ್ಕೆ ಹಲವು ಸಲ ಹೊರಳಿಸಬೇಕು. ಇದೆಲ್ಲ ಸರಿಹೋದರೂ ಹುಟ್ಟುವವುಗಳಲ್ಲಿ ಸುಮಾರು ಅರ್ಧ ಹುಂಜಗಳೇ. ಮಕ್ಕಳು ಹೆಸರಿಟ್ಟು ಬೆಳೆಸಿದ ಹುಂಜಗಳನ್ನು ಆಮೇಲೆ ಏನು ಮಾಡುತ್ತೀರೆಂದು ಈಗಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಮುಂದೆ ನಿಮ್ಮ ಹೇಂಟೆಗಳಲ್ಲೊಂದು ಕಾವಿಗೆ ಕೂತರೆ, ಫಲಿತ ಮೊಟ್ಟೆ (ಹುಂಜದ ಜೊತೆ ಕೂಡಿದ ಹೇಂಟೆಯಿಟ್ಟ, ಮರಿಯಾಗಬಲ್ಲ ಮೊಟ್ಟೆ) ತಂದು ಅದರ ಹೊಟ್ಟೆಯಡಿ ಇಡಿ. ಬಿಸಿಯನ್ನೂ ಹೊರಳಿಸುವುದನ್ನೂ ಅದೇ ನೋಡಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮೂರನ್ನು ಒಂದು ಕಡೆ, ಮೂರನ್ನು ಇನ್ನೊಂದು ಕಡೆ ಕೊಳ್ಳಬಹುದೇ?

ಉತ್ತರ 1:
ಬೇಡ. ಆರನ್ನೂ ಒಂದೇ ಗುಂಪಿನಿಂದ, ಒಂದೇ ದಿನ ತನ್ನಿ. ನೋಡಲು ಗಟ್ಟಿಮುಟ್ಟಾಗಿರುವ ಕೋಳಿಯೂ ಹಿಂದೆ ಬಂದುಹೋದ ಉಸಿರಾಟದ ರೋಗವನ್ನು ಒಳಗೇ ಹೊತ್ತು ತರಬಹುದು. ಜೊತೆಗೆ, ಅಪರಿಚಿತ ಕೋಳಿಗಳು ತಮ್ಮಲ್ಲಿ ಹಿರಿಕಿರಿಯರನ್ನು ತೀರ್ಮಾನಿಸಿಕೊಳ್ಳುವಾಗ ರಕ್ತ ಬರುವಂತೆ ಕುಕ್ಕುತ್ತವೆ. ಕತ್ತಲಾದ ಮೇಲೆ ಗೂಡಿಗೆ ಬಿಟ್ಟು, ನೀರು ಮೇವು ಒಳಗೇ ಇಟ್ಟು, ಕೆಲವು ದಿನ ಹೊರಗೆ ಬಿಡಬೇಡಿ. ಆಮೇಲೆ ಬಾಗಿಲು ತೆರೆದರೂ ಸಂಜೆ ತಾವಾಗಿಯೇ ಗೂಡು ಸೇರುತ್ತವೆ.