ಲಾರಿ, ಬಸ್ ಟೈರ್ ಸಿಡಿಯುವುದು: ಡ್ರೈವರ್ ನೋಡಬೇಕಾದ್ದೇನು, ಓನರ್ ಮಾಡಬೇಕಾದ್ದೇನು?

ಗಾಡಿ ಓನರ್, ಬೊಮ್ಮಸಂದ್ರ:
ಎರಡು ಆರು ಚಕ್ರದ ಲಾರಿ, ಒಂದು ಸ್ಟಾಫ್ ಬಸ್ ಇವೆ. ಲಾರಿಗಳು ನೈಸ್ ರಸ್ತೆ ಹಿಡಿದು ತುಮಕೂರು ಕಡೆ ಹೋಗುತ್ತವೆ, ಆಗಾಗ ಶಿರಾಡಿ ಇಳಿದು ಮಂಗಳೂರಿಗೆ. ಹಿಂದಿನ ಜೋಡಿಯಲ್ಲಿ ಒಳಗಿನ ಟೈರೇ ಪದೇಪದೇ ಸಿಡಿಯುತ್ತಿದೆ. ಡ್ರೈವರ್‌ಗಳು "ಟೈರೇ ಸರಿ ಇಲ್ಲ" ಅಂತಾರೆ, ಅಂಗಡಿಯವರು "ಓವರ್‌ಲೋಡು" ಅಂತಾರೆ. ಕೆಲಸ ಗೊತ್ತಿರುವವರು ಹೇಳಿ: ಹೊರಡುವ ಮುಂಚೆ ಡ್ರೈವರ್ ಏನೇನು ನೋಡಬೇಕು, ಮುಂದಿನ ಟೈರ್ ಸಿಡಿದರೆ ಗಾಡಿ ಹೇಗೆ ಹಿಡಿಯಬೇಕು, ಏನಾದರೂ ಆದರೆ ಹೊಣೆ ಯಾರ ತಲೆಗೆ?

ಟೈರ್ ಫಿಟ್ಟರ್, ನೆಲಮಂಗಲ:
ಸಾರ್, ಮೊದಲನೆಯದಾಗಿ ಸಿಡಿದ ಟೈರನ್ನು ಗುಜರಿಗೆ ಕೊಡಬೇಡಿ. ಯಾಕೆ ಸಿಡಿಯಿತು ಅನ್ನುವುದು ಅದರ ಮೇಲೆಯೇ ಇರುತ್ತದೆ.

ಒಳಗೆ ಕೈ ಹಾಕಿ ನೋಡಿ. ರಬ್ಬರ್ ಪುಡಿ ಸಿಕ್ಕರೆ, ಒಳಪದರ ಸುಕ್ಕುಗಟ್ಟಿದ್ದರೆ, ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಉದ್ದಕ್ಕೂ ಜಿಪ್ ಬಿಚ್ಚಿದ ಹಾಗೆ ಹರಿದು ತಂತಿಗಳೆಲ್ಲ ಒಂದೇ ಸಾಲಿನಲ್ಲಿ ತುಂಡಾಗಿದ್ದರೆ, ಅದು ಗಾಳಿ ಕಡಿಮೆಯಿದ್ದಾಗಲೇ ಓಡಿದ ಟೈರು. ಸುತ್ತು ಸುತ್ತಿಗೂ ಸೈಡ್‌ವಾಲ್ ಮಡಚಿ ಬಿಚ್ಚಿ ಒಳಗಿನ ಉಕ್ಕಿನ ಎಳೆಗಳು ದಣಿದಿರುತ್ತವೆ. ಸಿಡಿದದ್ದು ಇವತ್ತಾದರೂ ಕೆಟ್ಟದ್ದು ಹಿಂದೆಯೇ. ಒಳಪದರದಲ್ಲಿ ನಕ್ಷತ್ರದ ಹಾಗೆ ಅಥವಾ ಇಂಟು ಗುರುತಿನ ಹಾಗೆ ಸೀಳು ಕಂಡರೆ ಹೊಂಡಕ್ಕೋ ಕಲ್ಲಿಗೋ ಬಡಿದದ್ದು. ರಿಮ್ಮಿಗೆ ಕೂರುವ ಬೀಡ್ ಗಟ್ಟಿಯಾಗಿ, ಸುಟ್ಟು ಪುಡಿಪುಡಿ ಆಗುತ್ತಿದ್ದರೆ ಬ್ರೇಕ್ ಬಿಸಿ. ಶಿರಾಡಿ ಇಳಿಯುವ ಗಾಡಿಯಲ್ಲಿ ಇದನ್ನು ಮರೆಯದೆ ನೋಡಿ. ಮೇಲಿನ ಬಟನ್ ಪಟ್ಟಿ, ಅಂದರೆ ನೆಲಕ್ಕೆ ತಾಗುವ ಗೆರೆಗಳಿರುವ ರಬ್ಬರ್, ಸಿಪ್ಪೆ ಸುಲಿದ ಹಾಗೆ ಪೂರ್ತಿ ಎದ್ದು ಬಂದಿದ್ದರೂ "ರೀಸೋಲ್ ಟೈರ್ ಹಾಗೇ ಸಾರ್" ಅಂದುಕೊಂಡು ಬಿಡಬೇಡಿ. ಹೊಸ ಟೈರೂ ಬಿಸಿ ಏರಿದರೆ ಹಾಗೇ ಏಳುತ್ತದೆ. ಒಳ್ಳೆ ಕೇಸಿಂಗ್‌ಗೆ (ಹಳೇ ಟೈರಿನ ಒಡಲಿಗೆ) ಹೊಸ ಬಟನ್ ಅಂಟಿಸಿ ಮಾಡಿದ ರೀಸೋಲ್ ಹಿಂದಕ್ಕೆ ಚೆನ್ನಾಗಿಯೇ ಓಡುತ್ತದೆ. ಮುಂದಕ್ಕೆ ಮಾತ್ರ ಬೇಡ. ಬಸ್ಸಿಗಂತೂ ಮುಂದೆ ಹೊಸ ಟೈರೇ ಇರಲಿ.

ನಿಮ್ಮ ಗಾಡಿಯಲ್ಲಿ ಒಳಗಿನದೇ ಯಾಕೆ ಹೋಗುತ್ತಿದೆ ಅಂದರೆ, ಅದರ ಗಾಳಿಯನ್ನು ಯಾರೂ ನೋಡುತ್ತಿಲ್ಲ. ವಾಲ್ವಿಗೆ ಕೈ ಹೋಗುವುದಿಲ್ಲ, ಹಾಗಾಗಿ ಹೊರಗಿನದಕ್ಕೆ ಗೇಜ್ (ಗಾಳಿ ಅಳೆಯುವ ಮೀಟರ್) ಹಾಕಿ ಒಳಗಿನದಕ್ಕೆ ರಾಡ್‌ನಲ್ಲಿ ಬಡಿದು "ಸರಿ ಇದೆ" ಅಂತಾರೆ. ಬಡಿದರೆ ಪೂರ್ತಿ ಕೂತ ಟೈರ್ ಗೊತ್ತಾಗುತ್ತದೆ. ಗಾಳಿ ಒತ್ತಡ 120 ಪಿಎಸ್‌ಐ ಇರಬೇಕಾದ್ದು 95ಕ್ಕೆ ಇಳಿದಿದ್ದರೆ ಎಂಥ ಕಿವಿಗೂ ಗೊತ್ತಾಗುವುದಿಲ್ಲ.

ಪರಿಹಾರ ದೊಡ್ಡದಲ್ಲ. ಜೋಡಿ ಕೂರಿಸುವಾಗ ಎರಡರ ವಾಲ್ವೂ ಎದುರುಬದುರು ಬರಲಿ, ಆಗ ಡಿಸ್ಕಿನ (ಟೈರ್ ಕೂರುವ ಕಬ್ಬಿಣದ ಚಕ್ರದ) ತೂತಿನಿಂದ ಒಳಗಿನದಕ್ಕೂ ಗೇಜ್ ಹೋಗುತ್ತದೆ. ಇಲ್ಲದಿದ್ದರೆ ವಾಲ್ವನ್ನು ಹೊರಗೆ ತರುವ ನಳಿಗೆ, ವಾಲ್ವ್ ಎಕ್ಸ್‌ಟೆನ್ಶನ್ ಹಾಕಿಸಿ, ಅದು ಅಲ್ಲಾಡದಂತೆ ಕ್ಲಿಪ್ಪೂ ಹಾಕಿಸಿ. ಅಲ್ಲಾಡುವ ಎಕ್ಸ್‌ಟೆನ್ಶನ್ನೇ ಗಾಳಿ ಬಿಡುತ್ತದೆ. ಮುಚ್ಚಳ ಲೋಹದ್ದು, ಒಳಗೆ ರಬ್ಬರ್ ವಾಷರ್ ಇರುವಂಥದ್ದು ಬೇಕು.

ಟಿಪ್ಪರ್ ಓನರ್, ಹೊಸಕೋಟೆ:
ನೈಟ್ರೋಜನ್ ಹಿಡಿಸಿ ಅಣ್ಣಾ, ಈ ತಲೆನೋವೇ ಇರುವುದಿಲ್ಲ.

ಟೈರ್ ಫಿಟ್ಟರ್, ನೆಲಮಂಗಲ:
ಗಾಳಿಯಲ್ಲೇ 78 ಪರ್ಸೆಂಟ್ ನೈಟ್ರೋಜನ್ ಇದೆ ಗುರುವೇ. ತೇವ ಇರುವುದಿಲ್ಲ, ರಿಮ್ ತುಕ್ಕು ಕಡಿಮೆ ಆಗುತ್ತದೆ, ಅದು ಒಪ್ಪಿದೆ. ವಾಲ್ವ್ ಪಿನ್ ಸೋರಿದರೆ ನೈಟ್ರೋಜನ್ನೂ ಸೋರುತ್ತದೆ. "ನೈಟ್ರೋಜನ್ ಇದೆ" ಅಂತ ಗೇಜ್ ಹಾಕುವುದನ್ನೇ ಬಿಟ್ಟವರ ಟೈರ್ ಇನ್ನೂ ಬೇಗ ಹೋಗುತ್ತದೆ.

ಫ್ಲೀಟ್ ಮೆಂಟೆನೆನ್ಸ್, ಪೀಣ್ಯ:
ಓವರ್‌ಲೋಡ್ ಅಂದವರ ಮಾತನ್ನೂ ತಳ್ಳಿಹಾಕಬೇಡಿ, ಒಂದು ಲೆಕ್ಕ ಮಾಡಿ. ಕೇಂದ್ರ ಸರ್ಕಾರದ 2018ರ ಅಧಿಸೂಚನೆಯಂತೆ ನಾಲ್ಕು ಟೈರಿನ ಹಿಂದಿನ ಆಕ್ಸಲ್‌ಗೆ 11.5 ಟನ್, ಎರಡು ಟೈರಿನ ಮುಂದಿನದಕ್ಕೆ 7 ಟನ್, ಆರು ಚಕ್ರದ ಗಾಡಿಗೆ ಒಟ್ಟು 18.5 ಟನ್. ಹಳೇ ಗಾಡಿಯಾದರೆ ಆರ್‌ಸಿಯಲ್ಲಿ ಬರೆದಿರುವುದೇ ಲೆಕ್ಕ. 11.5 ಟನ್ನನ್ನು ನಾಲ್ಕರಲ್ಲಿ ಹಂಚಿದರೆ ಒಂದೊಂದು ಟೈರಿಗೆ 2875 ಕಿಲೋ.

ಈಗ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಲೋಡ್ ಇಂಡೆಕ್ಸ್ (ಎಷ್ಟು ಭಾರ ಹೊರುತ್ತದೆ ಅನ್ನುವ ಸಂಕೇತ ಸಂಖ್ಯೆ) ಓದಿ. ಉದಾಹರಣೆಗೆ 150/147 ಅಂತಿದ್ದರೆ, ಒಂಟಿಯಾಗಿ ಕೂತಾಗ 3350 ಕಿಲೋ, ಜೋಡಿಯಲ್ಲಿ ಕೂತಾಗ 3075 ಕಿಲೋ ಹೊರುತ್ತದೆ ಅಂತ ಅರ್ಥ. ಕಾನೂನಿನ ಲೋಡಿಗೂ ಟೈರಿನ ತಾಕತ್ತಿಗೂ ಮಧ್ಯೆ ಇರುವುದು ಬರೀ 200 ಕಿಲೋ. ಹಿಂದಿನ ಆಕ್ಸಲ್ ಮೇಲೆ ಎರಡು ಟನ್ ಜಾಸ್ತಿ ಬಿದ್ದರೆ ಟೈರಿಗೆ 3375 ಆಗುತ್ತದೆ, ಮಿತಿ ದಾಟಿಯಾಯಿತು. ಆ 3075 ಕೂಡ ಕಂಪನಿ ಹೇಳಿದಷ್ಟು ಗಾಳಿ ಇದ್ದರೆ ಮಾತ್ರ. ಗಾಳಿ ಇಳಿದ ಟೈರಿಗೆ ಲೀಗಲ್ ಲೋಡೇ ಓವರ್‌ಲೋಡು. ಹಾಗಾಗಿ ನಿಮ್ಮ ಡ್ರೈವರ್, ಅಂಗಡಿಯವರು ಇಬ್ಬರೂ ಒಂದೇ ಕಾಯಿಲೆಯ ಎರಡು ಹೆಸರು ಹೇಳುತ್ತಿರಬಹುದು.

ಮುಂದಕ್ಕೂ ಇದೇ ಲೆಕ್ಕ ಹಾಕಿ. 7 ಟನ್ ಪೂರ್ತಿ ಬಿದ್ದರೆ ಒಂದಕ್ಕೆ 3500, ಅದಕ್ಕೆ 150 ಸಾಲದು, 152 ಬೇಕು. ನಿಮ್ಮ ಮಾಲಿಗೆ ನಿಜವಾಗಿ ಎಷ್ಟು ಬೀಳುತ್ತದೆ ಅಂತ ಒಮ್ಮೆ ವೇಬ್ರಿಡ್ಜ್ ಮೇಲೆ ಮುಂದಿನ ಚಕ್ರ ಮಾತ್ರ ಹತ್ತಿಸಿ ತೂಗಿಸಿ. ಐದು ನಿಮಿಷದ ಕೆಲಸ, ಆದರೂ ಯಾರೂ ಮಾಡಿಸುವುದಿಲ್ಲ.

ಜೋಡಿಯಲ್ಲಿ ಒಂದು ಹೋದಾಗ "ಇನ್ನೊಂದಿದೆಯಲ್ಲ, ಹಂಗೇ ನೆಲಮಂಗಲದ ತನಕ ಹೋಗೋಣ" ಅನ್ನುವುದೂ ಇದೇ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಉಳಿದ ಟೈರಿನ ಮೇಲೆ 5750 ಕಿಲೋ ಕೂರುತ್ತದೆ. ಅದು ಅವತ್ತು ಉಳಿದರೂ ಒಳಗೆ ಪೆಟ್ಟು ತಿಂದಿರುತ್ತದೆ. ಹರಿದ ಪಟ್ಟಿ ಬೀಸಿ ಬೀಸಿ ಬ್ರೇಕಿನ ಏರ್ ಪೈಪನ್ನೂ ಕಿತ್ತುಹಾಕಬಹುದು. ರಸ್ತೆಯಿಂದ ಪಕ್ಕಕ್ಕೆ ಇಳಿಸುವಷ್ಟು ದೂರ ಮೆಲ್ಲಗೆ ಓಡಿಸಿ, ಅಷ್ಟೇ.

ಡ್ರೈವರ್ ಬೆಳಗ್ಗೆ ನೋಡಬೇಕಾದ್ದು:

ಗಾಳಿ, ಗಾಡಿ ತಣ್ಣಗಿರುವಾಗ, ಗೇಜಿನಲ್ಲಿ, ಸ್ಟೆಪ್ನಿಯೂ ಸೇರಿ. ಬೆಂಗಳೂರಿನ ಬೆಳಗಿನ 20 ಡಿಗ್ರಿಯಲ್ಲಿ 120 ಇದ್ದದ್ದು ಓಡಿ ಬಿಸಿಯಾದ ಮೇಲೆ 135–140 ತೋರಿಸುತ್ತದೆ. ಅದು ಸಹಜ. "ಜಾಸ್ತಿ ಆಗಿದೆ" ಅಂತ ಬಿಸಿ ಟೈರಿನ ಗಾಳಿ ಬಿಟ್ಟರೆ ತಣ್ಣಗಾದಾಗ 100ಕ್ಕೆ ಬಂದು ಕೂರುತ್ತದೆ, ಮಾರನೇ ದಿನದ ಬ್ಲಾಸ್ಟಿಗೆ ತಯಾರಿ ಆದ ಹಾಗೆ.

ಜೋಡಿ ಟೈರಿನ ಸಂದಿಯಲ್ಲಿ ಕಲ್ಲು ಸಿಕ್ಕಿದೆಯಾ, ಎರಡೂ ಒಂದಕ್ಕೊಂದು ತಾಗುತ್ತಿವೆಯಾ. ಸೈಡ್‌ವಾಲಿನಲ್ಲಿ ಉಬ್ಬು, ತಂತಿ ಕಾಣುವ ಸೀಳು. ನಮ್ಮೂರಲ್ಲಿ ಸ್ಟಾಪ್ ಸ್ಟಾಪಿಗೂ ಫುಟ್‌ಪಾತ್ ಕಲ್ಲಿಗೆ ಉಜ್ಜುವ ಸ್ಟಾಫ್ ಬಸ್ಸಿಗೆ ಎಡಗಡೆ ಮುಂದಿನ ಟೈರ್ ದಿನಾ ನೋಡಲೇಬೇಕು. ನಟ್ಟಿನ ಬುಡದಿಂದ ತುಕ್ಕಿನ ಗೆರೆ ಇಳಿದಿದ್ದರೆ ನಟ್ಟು ಸಡಿಲ ಅಂತ. ಬಟನ್ ಆಳ ಕಾನೂನಿಗೆ 1.6 ಮಿಲಿಮೀಟರ್ ಸಾಕು, ಆದರೆ ಮುಂದಿನ ಟೈರನ್ನು 3–4ಕ್ಕೇ ಬಿಚ್ಚಿ ಹಿಂದಕ್ಕೆ ಕಳಿಸುವುದು ಒಳ್ಳೇದು. ತಯಾರಾದ ತಾರೀಖು ನಾಲ್ಕು ಅಂಕಿಯಲ್ಲಿರುತ್ತದೆ. 2321 ಅಂದರೆ 2021ರ 23ನೇ ವಾರ. ಚಾಸಿ ಕೆಳಗೆ ವರ್ಷಗಟ್ಟಲೆ ನೇತಾಡಿದ ಸ್ಟೆಪ್ನಿಗೆ ಬಟನ್ ಹೊಸದಾಗಿ ಕಂಡರೂ ಮುಂದಿನ ಚಕ್ರಕ್ಕೆ ಹಾಕಬೇಡಿ.

ದಾರಿಯಲ್ಲಿ ಟೀಗೆ ನಿಲ್ಲಿಸಿದಾಗ ಒಂದು ಸುತ್ತು ಬಂದು ಪ್ರತಿ ಹಬ್ ಹತ್ತಿರ ಅಂಗೈ ಹಿಂಭಾಗ ಒಡ್ಡಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಜಾಸ್ತಿ ಕಾಯುತ್ತಿದ್ದರೆ ಬ್ರೇಕ್ ಬಿಡುತ್ತಿಲ್ಲ, ಇಲ್ಲಾ ಬೇರಿಂಗ್ ಹೋಗಿದೆ. ಘಾಟಿಯಲ್ಲಿ ಇಳಿಯುವ ಮುಂಚೆಯೇ ಗೇರ್ ಇಳಿಸಿ, ಎಗ್ಸಾಸ್ಟ್ ಬ್ರೇಕ್ (ಇಂಜಿನ್ ಹೊಗೆ ತಡೆದು ವೇಗ ಇಳಿಸುವುದು) ಬಳಸಿ. ಉದ್ದಕ್ಕೂ ಪೆಡಲ್ ಒತ್ತಿ ಇಳಿದರೆ ಡ್ರಮ್ಮಿನ ಶಾಖ ರಿಮ್ಮಿಗೆ, ರಿಮ್ಮಿನದು ಬೀಡಿಗೆ.

ಡ್ರೈವಿಂಗ್ ಟ್ರೈನರ್, ಯಶವಂತಪುರ:
ಮುಂದಿನ ಟೈರ್ ಸಿಡಿದಾಗ. ಢಂ ಅಂದ ಕೂಡಲೇ ಕಾಲು ಬ್ರೇಕಿಗೆ ಹೋಗುತ್ತದೆ, ಅದೇ ಗಾಡಿ ಮಗುಚಿಸುವುದು. ಬ್ರೇಕ್ ಒತ್ತಿದರೆ ಭಾರವೆಲ್ಲ ಮುಂದಕ್ಕೆ, ಅಂದರೆ ಸಿಡಿದ ಟೈರಿನ ಮೇಲೇ ಬಂದು ಗಾಡಿ ಆ ಕಡೆಗೇ ಎಳೆಯುತ್ತದೆ.

ಎರಡೂ ಕೈಯಲ್ಲಿ ಸ್ಟೇರಿಂಗ್ ಗಟ್ಟಿ ಹಿಡಿಯಿರಿ. ಎಕ್ಸಲರೇಟರ್ ಥಟ್ಟನೆ ಬಿಡಬೇಡಿ, ಕ್ಷಣಕಾಲ ಹಾಗೇ ಇರಲಿ, ಬೇಕಾದರೆ ಚೂರು ಕೊಡಿ. ಸ್ಪೀಡ್ ಹೆಚ್ಚಿಸಲು ಅಲ್ಲ, ಪಕ್ಕಕ್ಕೆ ಎಳೆಯುವುದನ್ನು ತಡೆಯಲು. ಎಗ್ಸಾಸ್ಟ್ ಬ್ರೇಕ್, ರಿಟಾರ್ಡರ್ (ಪೆಡಲ್ ಬ್ರೇಕ್ ಬಳಸದೆ ವೇಗ ಇಳಿಸುವ ಸಾಧನ) ಮುಟ್ಟಬೇಡಿ. ಗಾಡಿ ನೇರಕ್ಕೆ ಬಂದ ಮೇಲೆ ಕಾಲು ನಿಧಾನ ತೆಗೆಯಿರಿ, ಅದಾಗಿಯೇ ವೇಗ ಇಳಿಯಲಿ, ಸ್ವಲ್ಪ ಸ್ವಲ್ಪವೇ ಎಡಕ್ಕೆ ತನ್ನಿ. ಪೂರ್ತಿ ನಿಧಾನವಾದ ಮೇಲೆ ಮಾತ್ರ ಹಗುರವಾಗಿ ಬ್ರೇಕ್. ಒಂದು ಕೈಯಲ್ಲಿ ಫೋನ್ ಇದ್ದವನಿಗೆ ಇದ್ಯಾವುದೂ ಆಗುವುದಿಲ್ಲ.

ಹಿಂದಿನದು ಸಿಡಿದರೂ ಇದೇ ಕ್ರಮ. ಸದ್ದು ಕೇಳುತ್ತದೆ, ಸ್ಟೇರಿಂಗ್ ಅಷ್ಟಾಗಿ ಎಳೆಯುವುದಿಲ್ಲ, ಅದಕ್ಕೇ ಕೆಲವರು ನಿಲ್ಲಿಸುವುದೇ ಇಲ್ಲ.

ನಿಲ್ಲಿಸಿದ ಮೇಲೆ ಹಜಾರ್ಡ್ ಲೈಟು, ಕನಿಷ್ಠ 50 ಮೀಟರ್ ಹಿಂದೆ ತ್ರಿಕೋನ, ಹೈವೇಯಲ್ಲಿ ಇನ್ನೂ ದೂರ. ಮರದ ಕೊಂಬೆ, ಕಲ್ಲು ಇಟ್ಟು ಆಮೇಲೆ ಅದನ್ನು ಅಲ್ಲೇ ಬಿಟ್ಟು ಹೋಗುವುದು ಬೇಡ. ಬಸ್ಸಾದರೆ ಪ್ಯಾಸೆಂಜರ್‌ಗಳನ್ನು ಎಡಬದಿಯಿಂದ ಇಳಿಸಿ ತಡೆಗೋಡೆ ಆಚೆ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033, ಉಳಿದ ಕಡೆ 112. ಬಲಗಡೆ ಚಕ್ರ ಟ್ರಾಫಿಕ್ಕಿಗೆ ಬೆನ್ನು ಹಾಕಿ ಬಿಚ್ಚಬೇಡಿ, ಸಹಾಯದ ಗಾಡಿ ಬರುವ ತನಕ ಕಾಯಿರಿ. ಟೈರಿನಿಂದ ಹೊಗೆ ಬರುತ್ತಿದ್ದರೆ ಹತ್ತಿರ ಹೋಗುವುದೇ ಬೇಡ. ಪೌಡರ್ ಸಿಲಿಂಡರ್ ಉರಿ ಆರಿಸುತ್ತದೆ, ಶಾಖ ಆರಿಸುವುದಿಲ್ಲ. ಮತ್ತೆ ಹತ್ತಿಕೊಳ್ಳುತ್ತದೆ.

ವಿಮೆ ಕ್ಲೇಮು ನೋಡುವವರು, ಜಯನಗರ:
ಹೊಣೆಯ ಪ್ರಶ್ನೆಗೆ. "ಟೈರ್ ಸಿಡಿಯಿತು, ದೇವರ ಆಟ, ನಾವೇನು ಮಾಡೋಕಾಗುತ್ತೆ" ಅನ್ನುವುದು ನಡೆಯುವುದಿಲ್ಲ. ಬಾಂಬೆ ಹೈಕೋರ್ಟ್ 2023ರಲ್ಲಿ ಒಂದು ಕಾರು ಅಪಘಾತದ ಪರಿಹಾರದ ಕೇಸಿನಲ್ಲಿ, ಟೈರ್ ಸಿಡಿಯುವುದು ದೈವಿಕ ಘಟನೆಯಲ್ಲ, ಮನುಷ್ಯರ ನಿರ್ಲಕ್ಷ್ಯ ಎಂದು ಹೇಳಿ ವಿಮಾ ಕಂಪನಿಯ ವಾದವನ್ನೇ ತಳ್ಳಿಹಾಕಿತು. ಹೊರಡುವ ಮುಂಚೆ ಟೈರ್ ನೋಡಿಕೊಳ್ಳುವುದು ಓಡಿಸುವವರ, ಓನರ್ ಕೆಲಸ ಅಂತ ಅದರ ಸಾರ.

ಮೋಟಾರು ವಾಹನ ಕಾಯ್ದೆಯ 190ನೇ ಕಲಮು ಓದಿ. ದೋಷ ಗೊತ್ತಿದ್ದು ಓಡಿಸಿದರೆ ಮಾತ್ರ ತಪ್ಪು ಅಂತಿಲ್ಲ, ಸಾಮಾನ್ಯ ಎಚ್ಚರ ವಹಿಸಿದ್ದರೆ ಗೊತ್ತಾಗಬಹುದಾಗಿದ್ದ ದೋಷಕ್ಕೂ ಹೊಣೆ ಇದೆ. ಓಡಿಸಿದವನಷ್ಟೇ ಅಲ್ಲ, ಓಡಿಸಲು ಬಿಟ್ಟವರೂ ಬರುತ್ತಾರೆ. ಅಂದರೆ ತಂತಿ ಕಾಣುವ ಟೈರಿಗೆ ಡ್ರೈವರ್ ಉತ್ತರ ಕೊಡಬೇಕು, "ಸಾರ್ ಟೈರ್ ಬದಲಿಸಿ" ಅಂದಾಗ "ಇನ್ನೊಂದು ಟ್ರಿಪ್ ಹೊಡಿ" ಅಂದ ಓನರ್ ಕೂಡ ಕೊಡಬೇಕು. ಪ್ರಾಣ ಹೋದರೆ 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು, ಐದು ವರ್ಷದ ತನಕ ಜೈಲು. ಓವರ್‌ಲೋಡಿಗೆ ಮೋಟಾರು ವಾಹನ ಕಾಯ್ದೆಯ 194ರಲ್ಲಿ ದಂಡ 20,000 ರೂಪಾಯಿ, ಮಿತಿ ಮೇಲಿನ ಪ್ರತಿ ಟನ್ನಿಗೆ 2,000.

ಅದಕ್ಕೇ ಬರವಣಿಗೆ ಬೇಕು. ಗಾಡಿಯಲ್ಲೊಂದು ಪುಸ್ತಕ ಇಡಿ: ತಾರೀಖು, ಕಿಲೋಮೀಟರ್, ಆರೂ ಟೈರಿನ ಗಾಳಿ, ಸ್ಟೆಪ್ನಿ, ಕಂಡ ದೋಷ, ಡ್ರೈವರ್ ಸಹಿ, ಪಕ್ಕದಲ್ಲಿ ಓನರ್ ಏನು ಮಾಡಿದರು ಅಂತ ಓನರ್ ಸಹಿ. ಎಲ್ಲಾ ದಿನ ಎಲ್ಲಾ ಟೈರಿಗೂ "120" ಅಂತ ಒಂದೇ ಕೈಬರಹದಲ್ಲಿದ್ದರೆ ಅದು ಇಲ್ಲದ ಹಾಗೇ, ವಿಮಾ ಕಂಪನಿಯ ಪರವಾಗಿ ತಪಾಸಣೆ ಮಾಡುವ ಸರ್ವೇಯರ್‌ಗೆ ಒಂದು ಪುಟ ನೋಡಿದರೆ ತಿಳಿಯುತ್ತದೆ.

ಗಾಡಿ ಓನರ್, ಬೊಮ್ಮಸಂದ್ರ:
ಎಲ್ಲರಿಗೂ ಥ್ಯಾಂಕ್ಸ್. ಒಳಗಿನ ಟೈರ್ ಗೇಜ್ ಹಾಕಿಸಿದೆ, ಒಂದು 90 ತೋರಿಸಿತು. ಹಾಗೇ 120ಕ್ಕೆ ಹಿಡಿಸಿಬಿಡಲಾ? ಇನ್ನೊಂದು, ಹೊಸ ಟೈರ್ ಒಂದೇ ತಂದರೆ ಹಳೇದಕ್ಕೆ ಜೋಡಿ ಮಾಡಬಹುದಾ?

ಟೈರ್ ಫಿಟ್ಟರ್, ನೆಲಮಂಗಲ:
ಬೇಡ, ಹಿಡಿಸಬೇಡಿ. ಇರಬೇಕಾದ್ದಕ್ಕಿಂತ 20 ಪರ್ಸೆಂಟ್ ಕಡಿಮೆ, ಅಂದರೆ 120ಕ್ಕೆ 96ರ ಕೆಳಗೆ ಓಡಿದ ಟೈರನ್ನು ಬಿಚ್ಚಿ ಒಳಗೆ ನೋಡದೆ ಗಾಳಿ ಹಾಕಬಾರದು. ಎಳೆಗಳು ದಣಿದಿದ್ದರೆ ಗಾಳಿ ಹಿಡಿಸುವಾಗಲೇ ಸೈಡ್‌ವಾಲ್ ಸೀಳಿಕೊಂಡು ಪಕ್ಕದಲ್ಲಿ ಕೂತ ಹುಡುಗನ ಮೇಲೆ ಬರುತ್ತದೆ. ಬಿಚ್ಚುವ ಮುಂಚೆ ಜೋಡಿಯ ಎರಡೂ ಟೈರಿನ ವಾಲ್ವ್ ಪಿನ್ ತೆಗೆದು ಪೂರ್ತಿ ಗಾಳಿ ಬಿಡಿ, ಆಮೇಲೆ ನಟ್ಟು. ಟ್ಯೂಬ್, ಫ್ಲಾಪ್ (ಟ್ಯೂಬಿನ ಕೆಳಗಿನ ರಬ್ಬರ್ ಪಟ್ಟಿ) ಇರುವ, ಟೈರನ್ನು ಕಬ್ಬಿಣದ ರಿಂಗ್ ಹಿಡಿದಿಡುವ ಲಾಕ್ ರಿಂಗ್ ಡಿಸ್ಕಾದರೆ ಇದು ಇನ್ನೂ ಮುಖ್ಯ. ರಿಂಗ್ ಹಾರಿದರೆ ತಲೆ ಉಳಿಯುವುದಿಲ್ಲ. ಒಳಗೆ ಚೆನ್ನಾಗಿದ್ದರೆ ಕಬ್ಬಿಣದ ಪಂಜರದೊಳಗೆ ಇಟ್ಟು, ಕ್ಲಿಪ್ ಕಚ್ಚಿಸುವ ಉದ್ದ ಪೈಪಿನಲ್ಲಿ, ಬಟನ್ ಇರುವ ಕಡೆ ದೂರ ನಿಂತು ಹಿಡಿಸಬೇಕು. ಪಂಜರ ಇಲ್ಲದ ಅಂಗಡಿಗೆ ಈ ಕೆಲಸ ಕೊಡಬೇಡಿ. ಟೈರ್ ಇರುವಾಗಲೇ ಡಿಸ್ಕಿಗೆ ವೆಲ್ಡಿಂಗ್ ಮಾಡಿಸುವುದಂತೂ, ಗಾಳಿ ಬಿಟ್ಟಿದ್ದರೂ, ಬೇಡ.

ಜೋಡಿ ಮಾಡುವಾಗ ಟೇಪ್ ಸುತ್ತಿ ಸುತ್ತಳತೆ ನೋಡಿ. ವ್ಯತ್ಯಾಸ 19 ಮಿಲಿಮೀಟರ್ ದಾಟಬಾರದು, ಅಡ್ಡಳತೆಯಲ್ಲಿ ಸುಮಾರು 6. ದಾಟಿದರೆ ದೊಡ್ಡದು ಭಾರವೆಲ್ಲ ಹೊರುತ್ತದೆ, ಚಿಕ್ಕದು ನೆಲಕ್ಕೆ ಉಜ್ಜಿಕೊಂಡೇ ಸವೆಯುತ್ತದೆ. ಮಿತಿಯೊಳಗಿದ್ದರೆ ದೊಡ್ಡದನ್ನು ಹೊರಗೆ, ಚಿಕ್ಕದನ್ನು ಒಳಗೆ ಹಾಕಿ. ರಸ್ತೆ ಮಧ್ಯದಲ್ಲಿ ಉಬ್ಬಿರುವುದರಿಂದ ಒಳಗಿನದಕ್ಕೆ ಹೇಗೂ ಭಾರ ಜಾಸ್ತಿ. ನೈಲಾನ್ ಎಳೆಯ ಟೈರ್, ಉಕ್ಕಿನ ಎಳೆಯ ರೇಡಿಯಲ್ ಟೈರ್ ಒಂದೇ ಜೋಡಿಯಲ್ಲಿ ಬೆರೆಸಬೇಡಿ. ಕೂರಿಸಿದ ಮೇಲೆ ಗಾಡಿ ಕಂಪನಿ ಪುಸ್ತಕದಲ್ಲಿ ಹೇಳಿರುವ ಟಾರ್ಕಿಗೆ (ಬಿಗಿತದ ಅಳತೆಗೆ) ನಟ್ಟು ಬಿಗಿಸಿ, 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಟಾರ್ಕ್ ನೋಡಿ. ಬೊಮ್ಮಸಂದ್ರದಿಂದ ಹೊರಟರೆ ಅದು ಸುಮಾರಾಗಿ ದಾಬಸ್‌ಪೇಟೆ ಹತ್ತಿರ ಬರುತ್ತದೆ.