ಸೋಯಾ ಎಲೆಯ ಅಡಿಭಾಗ ನೋಡಿದಿರಾ?

ಪ್ರಶ್ನೆ, ಬೆಂಗಳೂರಿನ ಪೀಣ್ಯದಿಂದ:
ನಮಸ್ಕಾರ ಸರ್. ನಾನು ಇಲ್ಲಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೇನೆ. ಊರು ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲ್ಲೂಕು. ಅಪ್ಪ 3 ಎಕರೆ ಸೋಯಾ ಹಾಕಿದ್ದಾರೆ. ಜೆಎಸ್-335 ತಳಿ, ಜೂನ್ ಮೂರನೇ ವಾರದ ಬಿತ್ತನೆ. ಈಗ ಕಾಯಿ ಕಟ್ಟುತ್ತಿದೆ. ಒಂದು ವಾರದಿಂದ ಕೆಳಗಿನ ಎಲೆ ಹಳದಿಯಾಗಿ ಉದುರುತ್ತಿವೆ. ಅಂಗಡಿಯವರು ನಾಲ್ಕು ಬಾಟಲಿ ಕೊಟ್ಟು, ಎಲ್ಲಾ ಒಂದೇ ಪಂಪಿಗೆ ಕಲಸಿ ಹೊಡೆಯಿರಿ ಅಂದರಂತೆ. ಪಕ್ಕದ ಹೊಲದವರು ಯೂರಿಯಾ ಹಾಕಿ ಅಂತಾರೆ. ರಾತ್ರಿ ಕೂತು ವಿಡಿಯೋ ನೋಡಿದರೆ ಒಬ್ಬೊಬ್ಬರದು ಒಂದೊಂದು ಮಾತು. ಯಾರನ್ನು ನಂಬಬೇಕು ಸರ್?

ಉತ್ತರ, ನಿವೃತ್ತ ಕೃಷಿ ಅಧಿಕಾರಿ, ಸಹಕಾರನಗರ:
ಬೆಳೆಗೆ ಯಾವ ಔಷಧಿಯನ್ನೂ ಇವತ್ತು ಹೊಡೆಯುವುದು ಬೇಡ. ನೀವು ಕಳಿಸಿದ ಫೋಟೋದಲ್ಲಿ ಎಲೆಯ ಮೇಲ್ಭಾಗ ಮಾತ್ರ ಇದೆ, ಅದರಿಂದ ಏನೂ ಹೇಳಲಾಗದು. ಬೆಳಿಗ್ಗೆ ಅಪ್ಪ ಹೊಲದ ನಡುವೆ ಹೋಗಲಿ. ಕೆಳಗಿನ ಎಲೆ ಕಿತ್ತು ಅಡಿಭಾಗವನ್ನು ಬಿಳಿ ಬಟ್ಟೆಗೆ ಮೆಲ್ಲಗೆ ಉಜ್ಜಲಿ. ಒಂದು ಗಿಡ ಅಗೆದು ಬೇರಿನ ಗಂಟು ಒಡೆದು ಒಳಗಿನ ಬಣ್ಣವನ್ನೂ ನೋಡಲಿ.

ಪೀಣ್ಯದಿಂದ:
ನೋಡಿದರು ಸರ್. ಅಡಿಯಲ್ಲಿ ಸಣ್ಣ ಸಣ್ಣ ಗುಳ್ಳೆ ಇವೆ. ಅವರ ಪಂಚೆಯ ಅಂಚಿಗೆ ಕಂದು ಪುಡಿ ಹತ್ತಿದೆ. ಗಂಟಿನ ಒಳಗೆ ಗುಲಾಬಿ ಬಣ್ಣ.

ಉತ್ತರ:
ಹಾಗಾದರೆ ತುಕ್ಕು ರೋಗ. ಆ ಪುಡಿಯೇ ಶಿಲೀಂಧ್ರದ ಬೀಜಕಣ, ಗಾಳಿಯಲ್ಲಿ ಹೊಲದಿಂದ ಹೊಲಕ್ಕೆ ಹೋಗುತ್ತದೆ. ಹುಳ ಕೊಲ್ಲುವ ಔಷಧಿ ಇದಕ್ಕೆ ಮುಟ್ಟುವುದಿಲ್ಲ. ಗಂಟು ಗುಲಾಬಿ ಇದೆ ಅಂದರೆ ಗಿಡ ತನ್ನ ಸಾರಜನಕ ತಾನೇ ಮಾಡಿಕೊಳ್ಳುತ್ತಿದೆ, ಯೂರಿಯಾಕ್ಕೆ ಸುಮ್ನೆ ದುಡ್ಡು ಹಾಕಬೇಡಿ. ಹೆಕ್ಸಾಕೊನಜೋಲ್ 5 ಇಸಿ ಅನ್ನುವ ಶಿಲೀಂಧ್ರನಾಶಕ, ಲೀಟರ್ ನೀರಿಗೆ 1 ಮಿಲಿ. ಅದೊಂದೇ ಸಾಕು, ಜೊತೆಗೆ ಬೇರೇನೂ ಕಲಸಬೇಡಿ. ನಾಜಲ್ ಕೆಳಗಿಂದ ಮೇಲಕ್ಕೆ ಹಿಡಿದು, ಎಲೆಯ ಅಡಿ ನೆನೆಯುವಂತೆ ಹೊಡೆಯಬೇಕು. ಮೇಲಿಂದ ಹೊಡೆದು ಬಂದರೆ ರೋಗ ಇದ್ದಲ್ಲೇ ಇರುತ್ತದೆ. ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಲೇಬಲ್ಲಿನಲ್ಲಿ ಇರುತ್ತದೆ, ಓದಿಸಿ.

ಯಾರನ್ನು ನಂಬಬೇಕು ಅಂದಿರಲ್ವಾ. ಬಿತ್ತಿದ್ದು ಯಾವಾಗ, ತಳಿ ಯಾವುದು, ಎಲೆಯ ಅಡಿ ಹೇಗಿದೆ ಅಂತ ಕೇಳದೆ ಬಾಟಲಿ ಎತ್ತಿಕೊಡುವವರ ಮಾತು ಬೇಡ. ನನ್ನ ಮಾತನ್ನೂ ಅಲ್ಲೇ ಇನ್ನೊಬ್ಬರಿಗೆ ತೋರಿಸಿ, ನಾನು ಇರುವುದು 500 ಕಿಲೋಮೀಟರ್ ದೂರ. ನಿಮ್ಮ ತಾಲ್ಲೂಕಿನಲ್ಲೇ ಮತ್ತಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ನಾಲ್ಕು ಎಲೆ ಪೇಪರಿನಲ್ಲಿ ಸುತ್ತಿಕೊಂಡು ಅಪ್ಪ ಹೋಗಲಿ. ಹೋಬಳಿಯ ರೈತ ಸಂಪರ್ಕ ಕೇಂದ್ರವೂ ಇದೆ. ಹೋಗಲಾಗದಿದ್ದರೆ ಕಿಸಾನ್ ಕಾಲ್ ಸೆಂಟರ್, 1800-180-1551. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಗುಂಪಿನ ಇನ್ನೊಬ್ಬ ಸದಸ್ಯೆ, ಯಲಹಂಕದಿಂದ:
ನಮ್ಮ ಮನೆಯವರದೂ ಧಾರವಾಡ ಕಡೆ ಸೋಯಾ ಇದೆ. ಇಲ್ಲೇ ಹತ್ತಿರ ಜಿಕೆವಿಕೆಯಲ್ಲಿ, ಅಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೇಳಿದರೆ ಆಗಲ್ವಾ ಸರ್?

ಉತ್ತರ:
ಹೋಗಿ ಅಮ್ಮಾ, ಕೃಷಿ ಮೇಳಕ್ಕೆ ತಪ್ಪದೆ ಹೋಗಿ, ಕಲಿಯುವುದು ಬಹಳ ಇದೆ. ಆದರೆ ಇಲ್ಲಿನದು ಕೆಂಪು ಮಣ್ಣು, ಅಲ್ಲಿನದು ಕಪ್ಪು ಮಣ್ಣು. ಮಳೆಯೂ ಬೇರೆ. ಧಾರವಾಡ, ಬೆಳಗಾವಿಗೆ ಸಂಬಂಧಪಟ್ಟದ್ದು ಧಾರವಾಡ ಕೃಷಿ ವಿಶ್ವವಿದ್ಯಾಲಯ. ತುಕ್ಕು ತಡೆಯುವ ಡಿಎಸ್‌ಬಿ-21 ತಳಿ ಬಂದದ್ದೂ ಅಲ್ಲಿಂದಲೇ. ಜೆಎಸ್-335ಗೆ ಆ ಶಕ್ತಿ ಇಲ್ಲ. ಬರುವ ವರ್ಷ ಇಬ್ಬರೂ ಬದಲಾಯಿಸುವ ಯೋಚನೆ ಮಾಡಿ.

ಪೀಣ್ಯದಿಂದ:
ಹೋದ ವರ್ಷ ಬೀಜವೇ ಸರಿಯಾಗಿ ಹುಟ್ಟಲಿಲ್ಲ ಸರ್. ಎರಡು ಸಲ ಬಿತ್ತಿದೆವು.

ಉತ್ತರ:
ಸೋಯಾದ ಸಿಪ್ಪೆ ತೀರಾ ತೆಳು. ಚೀಲ ಎತ್ತಿ ಒಗೆದರೂ ಒಳಗೆ ಪೆಟ್ಟು ಬೀಳುತ್ತದೆ, ಹೊರಗೆ ಕಾಣುವುದಿಲ್ಲ. ಬಿತ್ತುವ ವಾರದ ಮುಂಚೆ 100 ಕಾಳು ಎಣಿಸಿ ಒದ್ದೆ ಗೋಣಿಚೀಲದಲ್ಲಿ ಸುತ್ತಿಡಿ. 70 ಮೊಳೆತರೆ ಬಿತ್ತಿ. ಕಡಿಮೆ ಬಂದರೆ ಬೀಜ ಬದಲಾಯಿಸಿ. ಚೀಲದ ಚೀಟಿ, ಬಿಲ್ಲು, ಜೊತೆಗೆ ಒಂದು ಬೊಗಸೆ ಬೀಜ ಎತ್ತಿಡಿ. ದೂರು ಕೊಡಬೇಕಾಗಿ ಬಂದರೆ ಕೈಯಲ್ಲಿ ಅದಿರಬೇಕು. ಆ ನಾಲ್ಕು ಬಾಟಲಿಗೆ ಬಿಲ್ಲು ಕೊಟ್ಟಿದ್ದಾರಾ? ಒಡೆಯದಿದ್ದರೆ ನಾಳೆಯೇ ವಾಪಸ್ ಕೊಡಲು ಅಪ್ಪನಿಗೆ ಹೇಳಿ.